ಯಾರ ದುಡಿಮೆ ಸೊನ್ನೆ?

ಸಹಜ ಕೃಷಿಯ ತೋಟ ನೋಡಿಕೊಂಡು ಬಂದವರನ್ನು ಮಾತಾಡಿಸಿ. ‘ಗೊಬ್ಬರ ಹಾಕೋದಿಲ್ಲವಂತೆ, ಔಷಧಿ ಹೊಡೆಯೋದಿಲ್ಲವಂತೆ, ಒಂದು ನಾಟಿ ಹಸು ಇದ್ದರೆ ಸಾಕಂತೆ, ಖರ್ಚೇ ಇಲ್ಲವಂತೆ’ ಎಂದು ಬೆರಗಿನಿಂದ ಹೇಳುತ್ತಾರೆ. ಈ ಮಾತು ತೋಟದ ಬೇಲಿ ದಾಟಿ ಬಹಳ ದೂರ ಹೋಗಿದೆ. 2018ರ ರಾಜ್ಯ ಬಜೆಟ್ಟಿನಲ್ಲಿ ಶೂನ್ಯ ಬಂಡವಾಳದ ನೈಸರ್ಗಿಕ ಕೃಷಿಯ ಪ್ರಸ್ತಾಪವಿತ್ತು. 2019ರಲ್ಲಿ ಕೇಂದ್ರದ ಬಜೆಟ್ ಭಾಷಣದಲ್ಲೇ ಅದು ಬಂತು. ಕೃಷಿ ಮೇಳದ ವೇದಿಕೆಗಳಲ್ಲಿ, ಮಠಗಳ ಶಿಬಿರಗಳಲ್ಲಿ, ಕೆಲಸ ಬಿಟ್ಟು ಊರಿಗೆ ಮರಳಿದ ಯುವಕರ ವಿಡಿಯೊಗಳಲ್ಲಿ ಅದೇ ಕೇಳಿಸುತ್ತದೆ. ಪ್ರಶ್ನೆ ಮಾಡಿದರೆ ಗೊಬ್ಬರದ ಕಂಪನಿಯವರ ಕಡೆಯವರು ಎನಿಸಿಕೊಳ್ಳಬೇಕಾದಷ್ಟು ಅದು ಗಟ್ಟಿಯಾಗಿ ಬೇರೂರಿದೆ.

ನಾನು ಯಾವ ಕಂಪನಿಯ ಕಡೆಯವನೂ ಅಲ್ಲ. ವಿಷವಿಲ್ಲದೆ ಬೆಳೆಯಬಹುದು, ಸತ್ತ ಮಣ್ಣಿಗೆ ಜೀವ ತುಂಬಬಹುದು ಎಂದು ಈ ರೈತರು ತೋರಿಸಿಕೊಟ್ಟಿದ್ದಾರೆ; ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇದಕ್ಕೆ ಖರ್ಚಿಲ್ಲ ಎನ್ನುವುದು ಸುಳ್ಳು. ಆ ಸುಳ್ಳಿನಿಂದ ಮೊದಲು ಪೆಟ್ಟು ತಿನ್ನುವವರು ಈ ಕೃಷಿಯನ್ನು ಮಾಡುತ್ತಿರುವವರೇ. ಅದರಲ್ಲೂ ಅವರ ಮನೆಯ ಹೆಂಗಸರು.

ಈ ವಾದವನ್ನು ಅದರ ಅತ್ಯುತ್ತಮ ರೂಪದಲ್ಲೇ ಎದುರಿಸೋಣ. ವಿದರ್ಭದ ಸುಭಾಷ್ ಪಾಳೇಕರ್ ಹೇಳಿದ್ದು ಹೀಗೆ: ಪೇಟೆಯಿಂದ ಏನನ್ನೂ ಕೊಳ್ಳಬೇಡಿ, ಮುಖ್ಯ ಬೆಳೆಯ ಖರ್ಚು ಅಂತರ ಬೆಳೆಯ ಆದಾಯದಿಂದ ಹುಟ್ಟಲಿ, ಹಸುವಿನ ಸಗಣಿ–ಗಂಜಲದಿಂದ ಬೀಜಾಮೃತ, ಜೀವಾಮೃತ ಮಾಡಿ, ನೆಲಕ್ಕೆ ಹೊದಿಕೆ ಹೊದಿಸಿ. ಸಾಲಕ್ಕೆ ಸಿಕ್ಕಿ ರೈತರು ಪ್ರಾಣ ಕಳೆದುಕೊಳ್ಳುತ್ತಿದ್ದ 2000ದ ದಶಕದಲ್ಲಿ ಈ ಮಾತು ನಮ್ಮ ರೈತ ಸಂಘದವರ ಶಿಬಿರಗಳ ಮೂಲಕ ಹಳ್ಳಿಗಳಿಗೆ ಬಂತು. ಗೊಬ್ಬರದಂಗಡಿಯ ಉದ್ದರಿ ಪುಸ್ತಕದಲ್ಲಿ ಹೆಸರು ಬರೆಸದೆ ಒಂದು ಬೆಳೆ ತೆಗೆಯುವುದು ಆ ಹೊತ್ತಿಗೆ ದೊಡ್ಡ ಬಿಡುಗಡೆಯಾಗಿತ್ತು, ಇಂದಿಗೂ ಹೌದು. ಕೈಯಿಂದ ಹೋಗುವ ನಗದು ಕಡಿಮೆಯಾದದ್ದು ನಿಜ. ಹೋಗದೆ ಉಳಿದ ನಗದಿನ ಜಾಗದಲ್ಲಿ ಏನು ಬಂದು ಕೂತಿತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಜೀವಾಮೃತದಿಂದಲೇ ಶುರು ಮಾಡೋಣ. ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ತಿಂಗಳಿಗೆ ಎರಡು ಸಲ ಕೊಟ್ಟರೆ ವರ್ಷಕ್ಕೆ 48 ಕಿಲೋ ಬೆಲ್ಲ, 48 ಕಿಲೋ ಹಿಟ್ಟು. ಒಂದೇ ಸಲ ಎಂದರೂ ಅದರಲ್ಲಿ ಅರ್ಧ. ಹುರುಳಿಯನ್ನು ಸ್ವಂತ ಹೊಲದಲ್ಲೇ ಬೆಳೆದುಕೊಳ್ಳಬಹುದು ಎನ್ನುತ್ತಾರೆ. ಆ ಹುರುಳಿಯನ್ನು ಮಾರಬಹುದಿತ್ತು, ಮನೆಯವರು ಉಣ್ಣಬಹುದಿತ್ತು. ಸ್ವಂತದ್ದು ಎಂದ ಮಾತ್ರಕ್ಕೆ ಅದು ಬಿಟ್ಟಿಯಾಗುವುದಿಲ್ಲ. ಇನ್ನು ದುಡಿಮೆ. ಗಂಜಲ ಹಿಡಿಯಲು ಕೊಟ್ಟಿಗೆಯ ನೆಲ ಸರಿ ಮಾಡಿಸಬೇಕು. ದಿನಕ್ಕೆ ಎರಡು ಹೊತ್ತು ಕದಡಬೇಕು, ಸೋಸಬೇಕು, ಹೊರಬೇಕು. ಹನಿ ನೀರಾವರಿ ಇಲ್ಲದ ಹೊಲಕ್ಕೆ 200 ಲೀಟರ್ ಎಂದರೆ ಹದಿಮೂರು–ಹದಿನಾಲ್ಕು ಕೊಡ. ಎರಡು ಎಕರೆಗೆ ಅದರ ಎರಡರಷ್ಟು. ಆ ಕೊಡಗಳನ್ನು ಸೊಂಟದ ಮೇಲೆ ಹೊತ್ತು ಬದುವಿನ ಮೇಲೆ ನಡೆಯುವವರು ಯಾರು?

ಹಸುವಿನ ಮಾತೂ ಅಷ್ಟೇ. ಒಂದು ನಾಟಿ ಹಸು ಮೂವತ್ತು ಎಕರೆಗೆ ಸಾಕು ಎಂದು ವೇದಿಕೆಯಲ್ಲಿ ಹೇಳುವಾಗ ಆ ಹಸುವಿಗೆ ವರ್ಷದ ಮುನ್ನೂರ ಅರವತ್ತೈದು ದಿನವೂ ಮೇವು–ನೀರು ಬೇಕೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಮಲೆನಾಡು ಗಿಡ್ಡ ಕೊಡುವ ಹಾಲು ಮನೆಯ ಕಾಫಿಗೆ, ಮಜ್ಜಿಗೆಗೆ ಆದೀತು. ಡೇರಿಗೆ ಹಾಕಿ ಸಂಸಾರ ನಡೆಸುವಷ್ಟಲ್ಲ. ಹಾಲಿನ ಸೊಸೈಟಿಯ ಹಣದಿಂದಲೇ ಮಕ್ಕಳ ಶಾಲೆ ಫೀಸು ಕಟ್ಟುವ ಕೋಲಾರದ, ಮಂಡ್ಯದ ಮನೆಯವರು ಸೀಮೆಹಸು ಕಟ್ಟಿದ್ದು ಸಂಪ್ರದಾಯ ಮರೆತದ್ದರಿಂದಲ್ಲ. ಅವರಿಗೆ ನಾಟಿ ಹಸು ಕಟ್ಟಿ ಎಂದು ಉಪದೇಶ ಮಾಡುವವರು ಕಳೆದುಹೋಗುವ ಹಾಲಿನ ಹಣಕ್ಕೆ ಏನು ಮಾಡಬೇಕೆಂಬುದನ್ನೂ ಹೇಳಬೇಕು.

ಅದಕ್ಕಿಂತ ದೊಡ್ಡದು ಬೆಳೆಯ ಆಹಾರದ ಪ್ರಶ್ನೆ. ಒಂದು ಟನ್ ಭತ್ತ ಹುಲ್ಲಿನ ಸಮೇತ ನೆಲದಿಂದ ಸುಮಾರು 15–20 ಕಿಲೋ ಸಾರಜನಕ ಎತ್ತಿಕೊಳ್ಳುತ್ತದೆ. 200 ಲೀಟರ್ ಜೀವಾಮೃತದಲ್ಲಿರುವ ಸಾರಜನಕವನ್ನು ಗ್ರಾಮಿನಲ್ಲಿ ಎಣಿಸಬೇಕು. ಸಗಣಿ, ಗಂಜಲ, ಹಿಟ್ಟು ಎಲ್ಲ ಸೇರಿಸಿದರೂ ಇನ್ನೂರು–ಮುನ್ನೂರು ಗ್ರಾಂ. ಜೀವಾಮೃತ ಗೊಬ್ಬರವಲ್ಲ, ಅದು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಕೊಡುವ ಹೆಪ್ಪು ಎಂದು ಪಾಳೇಕರರೇ ಹೇಳುತ್ತಾರೆ. ಒಪ್ಪೋಣ. ಹೆಪ್ಪು ಹಾಕಲು ಮೊದಲು ಹಾಲಿರಬೇಕಲ್ಲ! ಆ ಹಾಲು ಬರುವುದು ಸೊಪ್ಪಿನಿಂದ, ತರಗೆಲೆಯಿಂದ, ಅಲಸಂದೆ–ಹುರುಳಿ–ಸೆಣಬಿನಂಥ ಬೆಳೆಗಳ ಬೇರುಗಂಟುಗಳಿಂದ, ಗೊಬ್ಬರದ ಗಿಡವಾಗಿ ಬದುವಿನ ಮೇಲೆ ನೆಟ್ಟ ಗ್ಲಿರಿಸಿಡಿಯಾದಿಂದ. ಇವೆಲ್ಲಕ್ಕೂ ನೆಲ ಬೇಕು, ಕಾಲ ಬೇಕು, ಕಡಿದು ತಂದು ಹರಡುವ ಕೈ ಬೇಕು.

ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಿಗೆ ಹೋದವರು ನೆರಳು, ತಂಪು, ಕಾಲಡಿಯ ಮೆತ್ತನೆಯ ಮಣ್ಣು ನೋಡಿ ಮಾರುಹೋಗುತ್ತಾರೆ. ನೂರಾರು ವರ್ಷ ರಾಸಾಯನಿಕವಿಲ್ಲದೆ ನಡೆದುಬಂದ ತೋಟಗಳು ಅವು. ಆದರೆ ತೋಟದ ಮೇಲಿನ ಗುಡ್ಡಕ್ಕೆ ಹತ್ತಿ ನೋಡಿದರೆ ಮಾತ್ರ ಅದರ ಗುಟ್ಟು ತಿಳಿಯುತ್ತದೆ. ಬ್ರಿಟಿಷರ ಕಾಲದಿಂದ ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಇದೆ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇದೇ ಬಗೆಯ ಹಕ್ಕುಗಳು. ಅಂದರೆ ಆ ಒಂದು ಎಕರೆ ತೋಟದ ಫಲವತ್ತತೆಯ ಹಿಂದೆ ಹಲವು ಎಕರೆ ಕಾಡು ನಿಂತಿದೆ. ಕಾಡಿಗೂ ತೋಟಕ್ಕೂ ನಡುವೆ ಬುಟ್ಟಿ ಹೊತ್ತು ಹತ್ತಿಳಿದ ತಲೆಗಳಿವೆ: ಬೇಸಿಗೆಯಲ್ಲಿ ದರಕು ಗುಡಿಸಿದವರು, ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಸೊಪ್ಪು ಕಡಿದವರು, ಕೊಟ್ಟಿಗೆಗೆ ಹಾಸಿ ಗೊಬ್ಬರ ತೆಗೆದವರು. ಹಿಂದೆ ಅವರಲ್ಲಿ ಬಹಳ ಜನ ಜೀತಕ್ಕಿದ್ದವರು, ವರ್ಷಕ್ಕಿಷ್ಟು ಭತ್ತಕ್ಕೆ ದುಡಿದವರು. ನಮ್ಮ ಅಜ್ಜಂದಿರ ಕೃಷಿಗೆ ಖರ್ಚಿರಲಿಲ್ಲ ಎಂದು ಹೆಮ್ಮೆಯಿಂದ ಹೇಳುವವರು ಅಜ್ಜಂದಿರು ಯಾರಿಗೆ ಕೂಲಿ ಕೊಡಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ. ನಮ್ಮ ಹಳೆಯ ಕೃಷಿಯ ಅಗ್ಗದಲ್ಲಿ ಜಾತಿಯ ಪಾಲು ಎಷ್ಟು ಎಂಬುದನ್ನು ನೋಡದೆ ಅದಕ್ಕೆ ಮರಳೋಣ ಎನ್ನುವುದನ್ನು ನಾನಂತೂ ಒಪ್ಪಲಾರೆ.

ಬೆಟ್ಟವೇ ಇಲ್ಲದ ಕಡೆ ಏನು ಗತಿ? ವಿಜಯಪುರದ, ರಾಯಚೂರಿನ ಎರೆ ಹೊಲದಲ್ಲಿ ನಿಂತು ಹೊದಿಕೆ ಹೊದಿಸಿ ಎಂದು ಹೇಳಿ ನೋಡಿ. ಹೊದಿಸಲು ಅಲ್ಲಿರುವುದು ಜೋಳದ ಕಣಿಕೆ. ಅದು ದನದ ಬೇಸಿಗೆಯ ಊಟ. ಬಣವೆ ಒಟ್ಟಿ ಮಳೆ ಬರುವವರೆಗೆ ಅಳೆದಳೆದು ಹಾಕುವ ಮೇವು. ಯಾವ ಹಸುವಿನ ಸಗಣಿಯಿಂದ ಜೀವಾಮೃತ ಮಾಡಬೇಕೋ ಅದೇ ಹಸು ಹೊದಿಕೆಯನ್ನು ತಿನ್ನಬೇಕು. ಎರಡಕ್ಕೂ ಸಾಲುವಷ್ಟು ಕಣಿಕೆ ಬೆಳೆಯಬೇಕಾದರೆ ಮಳೆ ಕೈಕೊಡಬಾರದು. ಹಾಗೆಂದು ಅಲ್ಲಿ ಸಾಧ್ಯವೇ ಇಲ್ಲ ಎಂದಲ್ಲ. ಅಕ್ಕಡಿ ಸಾಲು ಬಿಟ್ಟು, ಬದು ಹಾಕಿ, ತೊಗರಿ–ಹೆಸರು ಬೆರೆಸಿ ಬೆಳೆದು ಮಣ್ಣು ಉಳಿಸಿಕೊಂಡವರು ಆ ಸೀಮೆಯಲ್ಲಿದ್ದಾರೆ. ಅವರಿಗೆ ಅದು ಎಷ್ಟು ವರ್ಷ ಹಿಡಿಯಿತು, ಆ ವರ್ಷಗಳಲ್ಲಿ ಮನೆ ಹೇಗೆ ನಡೆಯಿತು ಎಂದು ಕೇಳುವವರು ಕಡಿಮೆ. ಗುತ್ತಿಗೆಗೆ ಭೂಮಿ ಮಾಡುವವನ ಪಾಡು ಇನ್ನೂ ಕಷ್ಟ. ಮಣ್ಣು ಸರಿಹೋಗಲು ಮೂರು–ನಾಲ್ಕು ವರ್ಷ ಬೇಕು. ಅವನ ಗುತ್ತಿಗೆ ಇರುವುದು ಒಂದು ವರ್ಷಕ್ಕೆ.

ಈಗ ಕಳೆಗೆ ಬರುತ್ತೇನೆ, ಏಕೆಂದರೆ ಇಡೀ ಸುಳ್ಳು ಬಯಲಾಗುವುದು ಅಲ್ಲಿಯೇ. ಕಳೆನಾಶಕ ನಮ್ಮ ಹಳ್ಳಿಗಳಿಗೆ ನುಗ್ಗಿದ್ದು ರೈತ ದುರಾಸೆಗೆ ಬಿದ್ದದ್ದರಿಂದಲ್ಲ. ಕಳೆ ಕೀಳುವ ಹೆಂಗಸರು ಸಿಗುವುದು ಕಷ್ಟವಾಯಿತು. ಸಿಕ್ಕವರಿಗೆ ಕೊಡಬೇಕಾದ ಕೂಲಿ ಬೆಳೆಯ ಬೆಲೆಗೆ ಹೊಂದಲಿಲ್ಲ. ಕಳೆನಾಶಕ ಬಿಟ್ಟ ದಿನ ಆ ಕೆಲಸ ಮಾಯವಾಗುವುದಿಲ್ಲ. ಎತ್ತಿದ್ದವರು ಎಡೆಕುಂಟೆ ಹೊಡೆದಾರು. ಸಾಲಿನೊಳಗೆ ಗಿಡಗಳ ನಡುವೆ ಉಳಿದದ್ದನ್ನು ಬಗ್ಗಿ ಕೈಯಲ್ಲೇ ಕೀಳಬೇಕು. ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಂತ ಸೊಂಟದ ನೋವನ್ನು ಯಾವ ಜೀವಾಮೃತವೂ ಹೀರಿಕೊಳ್ಳುವುದಿಲ್ಲ. ಆಳಿಗೆ ಕೂಲಿ ಕೊಟ್ಟರೆ ಅದು ಖರ್ಚು ಎನಿಸಿಕೊಳ್ಳುತ್ತದೆ, ಅದೂ ಗಂಡಾಳಿಗಿಂತ ಕಡಿಮೆ ಕೂಲಿಗೆ. ಹೆಂಡತಿ, ತಾಯಿ, ಸೊಸೆ ಕಿತ್ತರೆ ಅದು ಸೊನ್ನೆಯಾಗಿಬಿಡುತ್ತದೆ. ಶೂನ್ಯ ಬಂಡವಾಳದ ಲೆಕ್ಕದಲ್ಲಿ ಆ ಸೊನ್ನೆ ಹುಟ್ಟುವ ಜಾಗ ಇದು.

ತೋಟ ನೋಡಲು ಹೋಗುವವರಿಗೆ ಇದು ಕಾಣದಿರಲು ಕಾರಣವಿದೆ. ಯಜಮಾನರು ಮುಂದೆ ನಡೆಯುತ್ತಾರೆ, ಮಣ್ಣು ಕೆದಕಿ ಎರೆಹುಳು ತೋರಿಸುತ್ತಾರೆ, ಮರದಡಿ ನಿಂತು ಪ್ರಕೃತಿಯ ಬಗ್ಗೆ ಮಾತಾಡುತ್ತಾರೆ. ಬಂದವರು ಟಿಪ್ಪಣಿ ಮಾಡಿಕೊಳ್ಳುತ್ತಾರೆ, ಫೋಟೊ ತೆಗೆಯುತ್ತಾರೆ. ಅಷ್ಟು ಜನಕ್ಕೆ ಪಾನಕ, ಕೋಸಂಬರಿ, ಮಧ್ಯಾಹ್ನದ ಊಟ ಒದಗಿಸುವ ಮನೆಯಾಕೆಯನ್ನು ‘ಅಮ್ಮಾ, ಊಟ ಚೆನ್ನಾಗಿತ್ತು’ ಎಂದು ಹೊಗಳಿ ಹೊರಡುತ್ತಾರೆ. ‘ಈ ತೋಟದಲ್ಲಿ ನಿಮ್ಮ ಕೆಲಸ ಏನು? ಎಷ್ಟು ಹೊತ್ತಿಗೆ ಏಳುತ್ತೀರಿ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಬೀಜ ಎತ್ತಿಟ್ಟವಳು, ಬೂದಿ ಬೆರೆಸಿ ಕಾಪಾಡಿದವಳು, ಯಾವ ಅವರೆ ಯಾವ ಮಣ್ಣಿಗೆ ಒಗ್ಗುತ್ತದೆಂದು ಬಲ್ಲವಳು ಅವಳೇ ಆಗಿರುತ್ತಾಳೆ. ಬಂದವರು ನಿಜವಾಗಿ ಕಲಿಯಬೇಕಾದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತದೆ.

ಈ ಕೃಷಿಯ ಹಿರಿಯರು ಯಾರೂ ದುಡಿಮೆಯನ್ನು ಮುಚ್ಚಿಟ್ಟವರಲ್ಲ. ಜಪಾನಿನ ಶಿಕೊಕು ದ್ವೀಪದ ಮಸನೊಬು ಫುಕುವೋಕಾ ‘ಏನೂ ಮಾಡದ ಕೃಷಿ’ಯ ಗುರುವೆಂದೇ ಪ್ರಸಿದ್ಧರು. 1975ರಲ್ಲಿ ಪ್ರಕಟವಾದ, ಕನ್ನಡಕ್ಕೂ ಬಂದಿರುವ ‘ಒಂದು ಹುಲ್ಲಿನ ಕ್ರಾಂತಿ’ಯಲ್ಲಿ ಅವರೇ ಒಂದು ಸಂಗತಿ ಹೇಳುತ್ತಾರೆ: ತಂದೆಯ ಕಿತ್ತಳೆ ತೋಟವನ್ನು ಪ್ರಕೃತಿಗೆ ಬಿಡುತ್ತೇನೆಂದು ಸವರುವುದನ್ನು ನಿಲ್ಲಿಸಿದಾಗ ಕೊಂಬೆಗಳು ಹೆಣೆದುಕೊಂಡು, ಹುಳು ಹತ್ತಿ, ಮರಗಳು ಒಣಗಿಹೋದವು. ಕೈಬಿಡುವುದು ಬೇರೆ, ಸಹಜ ಕೃಷಿ ಬೇರೆ ಎಂದು ಅವರು ಕಲಿತದ್ದು ಹಾಗೆ. ಆಮೇಲೆ ಉಳುಮೆ ಬೇಡ, ತಯಾರಿಸಿದ ಗೊಬ್ಬರ ಬೇಡ ಎಂಬ ನಿರ್ಧಾರಗಳಿಗೆ ಬರಲು ದಶಕಗಳ ಪ್ರಯೋಗ ಬೇಕಾಯಿತು. ಬೀಜವನ್ನು ಮಣ್ಣುಂಡೆಯಲ್ಲಿ ಕಟ್ಟುವುದು, ಭತ್ತದ ನಡುವೆ ಬಿಳಿ ಕ್ಲೋವರ್ ಬೆಳೆಸುವುದು, ಕೊಯ್ಲಾದ ಹುಲ್ಲನ್ನು ಮರಳಿ ಗದ್ದೆಗೇ ಹರಡುವುದು, ಇವೆಲ್ಲ ಕೆಲಸಗಳೇ. ಅವರ ಗುಡ್ಡದ ತೋಟದಲ್ಲಿ ಮಣ್ಣಿನ ಗುಡಿಸಲುಗಳಲ್ಲಿ ಉಳಿದು, ನೀರು ಹೊತ್ತು, ಸೌದೆ ಒಡೆದು ದುಡಿದ ಯುವಕ ಯುವತಿಯರಿದ್ದರು. ಆ ಕೈಗಳನ್ನು ಬಿಟ್ಟು ಆ ತೋಟವನ್ನು ವರ್ಣಿಸುವುದು ಫುಕುವೋಕಾಗೇ ಮಾಡುವ ಅನ್ಯಾಯ.

ನಮ್ಮಲ್ಲೇ ನೋಡಿ. ಉಡುಪಿ ಕಡೆಯ ಚೇರ್ಕಾಡಿ ರಾಮಚಂದ್ರ ರಾವ್ ಎತ್ತು–ನೇಗಿಲಿಲ್ಲದೆ ಭತ್ತ ಬೆಳೆದರು, ಗಾಂಧಿಯವರ ದಾರಿಯಲ್ಲಿ ಸ್ವಂತ ಮೈದುಡಿಮೆಯನ್ನೇ ನಂಬಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಎಲ್. ನಾರಾಯಣ ರೆಡ್ಡಿ ಮೊದಲು ರಾಸಾಯನಿಕ ಕೃಷಿ ಮಾಡಿ, ಇಳುವರಿ ಬಂದರೂ ಕೈಯಲ್ಲಿ ಏನೂ ಉಳಿಯದ್ದನ್ನು ಕಂಡು ಸಾವಯವಕ್ಕೆ ಹೊರಳಿದವರು. 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟಕ್ಕೆ ಬಂದವರಿಗೆಲ್ಲ ಮಣ್ಣಿನ ಪಾಠ ಹೇಳಿದರು. ಅವರನ್ನು ತಿರುಗಿಸಿದ್ದೇ ಲೆಕ್ಕ. ಅಂಥವರ ಹೆಸರು ಹೇಳಿಕೊಂಡು ಲೆಕ್ಕವನ್ನೇ ಕೈಬಿಡುವ ಕೃಷಿಯನ್ನು ಪ್ರಚಾರ ಮಾಡುವುದು ಸರಿಯಲ್ಲ.

ನನಗೆ ಹೆಚ್ಚು ಸಂಕಟವಾಗುವುದು ರೈತ ಚಳವಳಿಯ ಗೆಳೆಯರು ಈ ಮಾತಿಗೆ ದನಿಗೂಡಿಸಿದಾಗ. 1980ರ ನರಗುಂದ–ನವಲಗುಂದದ ಬಂಡಾಯದ ನಂತರ ಎದ್ದು ನಿಂತ ರೈತ ಸಂಘ ಈ ನಾಡಿಗೆ ಕಲಿಸಿದ ದೊಡ್ಡ ಪಾಠ ಯಾವುದು? ರೈತನ ಮನೆಯವರ ದುಡಿಮೆಗೂ ಬೆಲೆಯಿದೆ, ಅದನ್ನು ಸೇರಿಸಿ ವೈಜ್ಞಾನಿಕ ಬೆಲೆ ಕೊಡಿ, ಲೆಕ್ಕ ಹಾಕಿದರೆ ಸಾಲಗಾರ ರೈತನಲ್ಲ, ಸರ್ಕಾರ ಎಂಬುದು. ಕೇಂದ್ರದ ಬೆಲೆ ಆಯೋಗ ಖರ್ಚನ್ನು ಮೂರು ಹಂತದಲ್ಲಿ ನೋಡುತ್ತದೆ: ಕೈಯಿಂದ ಹೋದ ಖರ್ಚು ಎ2, ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದ್ದು ಎ2+ಎಫ್‌ಎಲ್, ಸ್ವಂತ ಭೂಮಿಯ ಗೇಣಿ, ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು ಸಿ2. ಸಿ2ರ ಮೇಲೆ ಶೇ. 50 ಸೇರಿಸಿ ಬೆಂಬಲ ಬೆಲೆ ಕೊಡಿ ಎಂದು ದೇಶದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದಾರೆ. ದೆಹಲಿಯ ಗಡಿಯಲ್ಲಿ ಸಿ2 ಕೇಳುವವರೇ ಊರಿನ ಶಿಬಿರದಲ್ಲಿ ನಮ್ಮ ಖರ್ಚು ಸೊನ್ನೆ ಎಂದರೆ ಸರ್ಕಾರ ಯಾವುದನ್ನು ನಂಬುತ್ತದೆ? ತನಗೆ ಅನುಕೂಲವಾದದ್ದನ್ನು. ಸೊನ್ನೆಯ ಒಂದೂವರೆ ಪಟ್ಟು ಸೊನ್ನೆಯೇ.

ಸರ್ಕಾರಕ್ಕೆ ಇದು ಎಷ್ಟು ಅನುಕೂಲ ಎಂಬುದಕ್ಕೆ ಎರಡು ಅಂಕಿಗಳು ಸಾಕು. 2022–23ರಲ್ಲಿ ಕೇಂದ್ರದ ರಸಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್ನಿಗೆ ಒಟ್ಟು ₹2,481 ಕೋಟಿ. ಯೂರಿಯಾದ 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ರೈತ ಅದಕ್ಕೆ ಕೊಡುವುದು ₹266.50, ಉಳಿದ ದೊಡ್ಡ ಪಾಲನ್ನು ಸರ್ಕಾರ ತುಂಬುತ್ತದೆ. ಅಷ್ಟೇ ಸಾರಜನಕವನ್ನು ಹುರುಳಿಯ ಬೇರಿನಿಂದಲೂ ಬೆಟ್ಟದ ಸೊಪ್ಪಿನಿಂದಲೂ ನೆಲಕ್ಕೆ ತಂದ ರೈತ ಮಹಿಳೆಗೆ ಅಂಥ ಸಬ್ಸಿಡಿ ಇಲ್ಲ, ಏಕೆಂದರೆ ಅವಳಿಗೆ ಖರ್ಚೇ ಇಲ್ಲವೆಂದು ಅವಳ ಪರವಾಗಿ ಮಾತಾಡುವವರೇ ಹೇಳಿಬಿಟ್ಟಿದ್ದಾರೆ. ಸಾವಯವ ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಕಾಯಬೇಕು. ಇಳುವರಿ ಕುಸಿಯುವ ಆ ಅವಧಿಯಲ್ಲಿ ಮಾಲು ಸಾಮಾನ್ಯ ಬೆಲೆಗೇ ಹೋಗುತ್ತದೆ. ಸಾವಯವ ಬಿಟ್ಟು ರಾಸಾಯನಿಕಕ್ಕೆ ಹಿಂದಿರುಗಿದವರು ಮುಗ್ಗರಿಸುವುದು ಇಲ್ಲಿಯೇ. ಅವರಿಗೆ ಶ್ರದ್ಧೆ ಸಾಲಲಿಲ್ಲ ಎಂದು ಹೇಳುವವರನ್ನು ನಾನು ಕೇಳಿದ್ದೇನೆ. ಅದು ಕ್ರೂರವಾದ ಮಾತು.

ಸೊನ್ನೆಯಲ್ಲದ ದಾರಿಗೆ ಉದಾಹರಣೆ ಪಕ್ಕದ ಆಂಧ್ರದಲ್ಲೇ ಇದೆ. 2016ರಿಂದ ಅಲ್ಲಿನ ರೈತು ಸಾಧಿಕಾರ ಸಂಸ್ಥೆ ನೈಸರ್ಗಿಕ ಕೃಷಿಯನ್ನು ಹಳ್ಳಿ ಹಳ್ಳಿಗೆ ಒಯ್ದದ್ದು ಮಹಿಳಾ ಸ್ವಸಹಾಯ ಸಂಘಗಳ ಬೆನ್ನ ಮೇಲೆ. ಅನುಭವವಿರುವ ರೈತರನ್ನೇ ಸಂಭಾವನೆ ಕೊಟ್ಟು ಬೋಧಕರನ್ನಾಗಿ ನೇಮಿಸಿದರು, ವರ್ಷವಿಡೀ ನೆಲ ಹಸಿರಾಗಿರುವಂತೆ ಮುಂಗಾರಿಗೂ ಮೊದಲೇ ಹಲವು ಬೀಜ ಬೆರೆಸಿ ಬಿತ್ತುವುದನ್ನು ಕಲಿಸಿದರು. ಅದಕ್ಕಾಗಿ ಸರ್ಕಾರ ಹಣ ಹಾಕಿತು, ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನಿಂದ ಸಾಲವನ್ನೂ ತಂದಿತು. 2024ರಲ್ಲಿ ಗುಲ್ಬೆಂಕಿಯನ್ ಪ್ರಶಸ್ತಿ ಬಂದದ್ದು ಹೀಗೆ ದುಡ್ಡೂ ದುಡಿಮೆಯೂ ಸುರಿದ ಕೆಲಸಕ್ಕೆ. ಇದಕ್ಕೆ ತದ್ವಿರುದ್ಧವಾಗಿ ಶ್ರೀಲಂಕಾ 2021ರಲ್ಲಿ ಯಾವ ಸಿದ್ಧತೆಯೂ ಇಲ್ಲದೆ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿತು. ಬದಲಿಗೆ ಬೇಕಾದ ಗೊಬ್ಬರ, ಕೈಗಳು, ಕಾಲ ಯಾವುದನ್ನೂ ಎಣಿಸಲಿಲ್ಲ. ಭತ್ತ ಕುಸಿಯಿತು, ರೈತರು ಬೀದಿಗಿಳಿದರು, ಅದೇ ವರ್ಷದ ನವೆಂಬರಿನಲ್ಲಿ ನಿಷೇಧ ಬಿದ್ದುಹೋಯಿತು. ಸಾವಯವ ಕೃಷಿಯಿಂದ ದೇಶ ಉಪವಾಸ ಬೀಳುತ್ತದೆ ಎನ್ನುವವರ ಕೈಗೆ ಆ ಪ್ರಸಂಗ ಸಿಕ್ಕಿದೆ. ಅವರ ಬಾಯಿಗೆ ಆಹಾರ ಒದಗಿಸಿದವರು ಲೆಕ್ಕ ಬೇಡವೆಂದ ಸಾವಯವದ ಭಕ್ತರೇ.

ನಿಜವಾದ ಲೆಕ್ಕ ಹೇಳಿದರೆ ಹೊಸಬರು ಹೆದರಿ ಹಿಂಜರಿಯುತ್ತಾರೆ ಎನ್ನುವವರಿದ್ದಾರೆ. ಸುಳ್ಳು ನಂಬಿ ಬಂದವನು ಮೊದಲ ಕಳೆಗೇ ಓಡುತ್ತಾನೆ. ಹೋಗುವಾಗ ಇದೆಲ್ಲ ಮೋಸ ಎಂದು ಊರಿಗೆಲ್ಲ ಸಾರಿ ಹೋಗುತ್ತಾನೆ. ಲೆಕ್ಕ ತಿಳಿದು ಬಂದವನು ಅರ್ಧ ಎಕರೆಯಿಂದ ಶುರು ಮಾಡುತ್ತಾನೆ, ಹಸುವಿಗೆ ಮೊದಲು ಮೇವಿನ ಗಿಡ ನೆಡುತ್ತಾನೆ, ಉಳಿಯುತ್ತಾನೆ. ಒಂದು ಸಮಾಜ ತನ್ನ ಅನ್ನ ವಿಷಮುಕ್ತವಾಗಿರಲಿ, ಕೆರೆಗೆ ಯೂರಿಯಾ ಹರಿಯದಿರಲಿ, ಮಣ್ಣು ಮೊಮ್ಮಕ್ಕಳ ಕಾಲಕ್ಕೂ ಉಳಿಯಲಿ ಎಂದು ಬಯಸಿದರೆ ಅದಕ್ಕೆ ಬೆಲೆ ತೆರಬೇಕು. ಈಗ ಆ ಬೆಲೆಯನ್ನು ಎರಡು ಎಕರೆಯ ಒಂದು ಸಂಸಾರ ಒಬ್ಬಂಟಿಯಾಗಿ ತೆರುತ್ತಿದೆ.

ಆದ್ದರಿಂದ ಕೃಷಿ ಇಲಾಖೆಯವರಲ್ಲಿಯೂ ಶಿಬಿರ ನಡೆಸುವವರಲ್ಲಿಯೂ ನನ್ನ ಬೇಡಿಕೆಗಳು ನೇರವಾಗಿವೆ. ಮಾದರಿ ತೋಟವೆಂದು ತೋರಿಸುವ ಪ್ರತಿಯೊಂದು ಕಡೆ ಮನೆಯವರ ದುಡಿಮೆಯ ದಿನಗಳನ್ನು ಎಣಿಸಿ ಬರೆದ ಫಲಕವಿರಲಿ, ಹೆಂಗಸರ ದಿನಗಳು ಬೇರೆಯಾಗಿ ಕಾಣಲಿ. ಯೂರಿಯಾ ಚೀಲಕ್ಕೆ ಸರ್ಕಾರ ತುಂಬುವ ಹಣದಷ್ಟನ್ನಾದರೂ ಚೀಲ ಕೊಳ್ಳದೆ ಬೆಳೆದ ಎಕರೆಗೆ ಕೊಡಲಿ. ಸೊಪ್ಪು ಕಡಿಯುವುದಕ್ಕೆ, ಬದು ಹಾಕುವುದಕ್ಕೆ, ಕಳೆ ಕೀಳುವುದಕ್ಕೆ ಸರ್ಕಾರಿ ಕೂಲಿ ಸಿಗಲಿ, ಅದೂ ಗಂಡಿಗೂ ಹೆಣ್ಣಿಗೂ ಒಂದೇ ದರದಲ್ಲಿ. ಇಂದು ಕೃಷಿ ಯೋಜನೆಯ ಹಣ ಬರಬೇಕಾದರೆ ರೈತರ ನೋಂದಣಿಯ ಫ್ರೂಟ್ಸ್ ಐಡಿ ಬೇಕು, ಆ ಐಡಿಗೆ ಪಹಣಿಯಲ್ಲಿ ಹೆಸರು ಬೇಕು. ಕೊಡ ಹೊತ್ತವಳ ಹೆಸರು ಪಹಣಿಯಲ್ಲಿಲ್ಲ. ತರಬೇತಿಯ ಪಟ್ಟಿಗೆ, ಪ್ರೋತ್ಸಾಹಧನದ ಖಾತೆಗೆ ಪಹಣಿಯನ್ನು ಬಿಟ್ಟು ದುಡಿದವರ ಹೆಸರನ್ನು ಗ್ರಾಮಸಭೆಯಲ್ಲಿ ಕೇಳಿ ಬರೆದುಕೊಳ್ಳಲು ಇಲಾಖೆಗೆ ಯಾವ ಅಡ್ಡಿಯೂ ಇಲ್ಲ. ಈ ಮುಂಗಾರಿಗೇ ಶುರು ಮಾಡಬಹುದು.